‘ಬುಡಿ’ ಅಂದು ಕೆಟ್ಟೆ

ನನ್ನ ಹೆಂಡತಿ ಪುಟ್ಟತಾಯಿ ಬದುಕಿದ್ದ ಕೊನೆಯ ಪೂರ್ತಿ ದಿನ ನಾವಿಬ್ಬರೂ ಜಗಳ ಆಡಿದ್ದು ಒಂದು ಪಿನ್ನಿನ ವಿಚಾರಕ್ಕೆ. ಸೀರೆಗೆ ಹಾಕುವ ಪಿನ್ನಲ್ಲ. ಟ್ರ್ಯಾಕ್ಟರಿಗೂ ಟ್ರೈಲರಿಗೂ ನಡುವೆ ಹಾಕುವ ಗೇಣುದ್ದದ ಕಬ್ಬಿಣದ ಪಿನ್ನು. ಹುಣಸೂರಿನಲ್ಲಿ ನನ್ನದೊಂದು ಕಬ್ಬಿಣ ಕಡೆಯುವ ಲೇತ್ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಮೆಷಿನ್ನಿಗೆ ಮುಖ ಕೊಟ್ಟು ನಿಂತರೆ ನನ್ನ ಬೆನ್ನು ರಸ್ತೆಗೆ. ಹಾಗಾಗಿ ಬಂದವರನ್ನು ಮಾತಾಡಿಸುವುದು ಅವಳ ಪಾಲು, ಕಬ್ಬಿಣವನ್ನು ಮಾತಾಡಿಸುವುದು ನನ್ನ ಪಾಲು. ಅವತ್ತು ಅವಳ ತವರು ಕಂಪಲಾಪುರದ ಕಡೆಯವನೊಬ್ಬ ತುಂಡಾದ ಪಿನ್ನು ತಂದು, “ಸಾಯಂಕಾಲಕ್ಕೆ ಆಯ್ತದಾ ಅಕ್ಕ?” ಎಂದ. ಇವಳು ನನ್ನನ್ನು ಒಂದು ಮಾತೂ ಕೇಳದೆ ಒಪ್ಪಿಕೊಂಡುಬಿಟ್ಟಳು. ಅವನು ಹೋದ ಮೇಲೆ ನಾನು ಸಿಡುಕಿದೆ. “ನಿಮ್ಮ ಕೇಳಿದ್ರೆ ನೋಡಾನ ಅಂತೀರಿ. ನೋಡಾನ ಅಂದ್ರೆ ಅವ್ನು ಪಕ್ಕದ ಅಂಗ್ಡಿಗೆ ಓಯ್ತಾನೆ. ಕೈ ನಿಮ್ದು, ಬಾಯಿ ನಂದು, ಸುಮ್ನೆ ತಿರುಗ್ಸಿ” ಎಂದಳು. ಸಾಯಂಕಾಲಕ್ಕೆ ಪಿನ್ನು ಕೊಟ್ಟೆ. ಉಪ್ಸಾರು ಮುದ್ದೆ ಉಂಡು ಮಲಗಿದೆವು. ಬೆಳಗ್ಗೆ ಎದ್ದವಳು ಎದೆ ಹಿಡಿದುಕೊಂಡು ಕೂತಳು. ಕಾರು ಮಾಡಿಕೊಂಡು ಮೈಸೂರಿಗೆ ಹೊರಟೆವು. ಬಿಳಿಕೆರೆ ದಾಟುವ ಮೊದಲೇ ಹೋಗಿಬಿಟ್ಟಳು.

ಅಲ್ಲಿಯವರೆಗೆ, ಜನ ನನ್ನ ಕೈಗುಣ ನೋಡಿ ಬರುತ್ತಾರೆ ಎಂದು ನಾನು ನಂಬಿದ್ದೆ. ಅವಳು ಹೋದ ಮೇಲೆ ಗೊತ್ತಾಯಿತು, ಅವರೆಲ್ಲ ಅಕ್ಕನ ಮನೆಗೆ ಬರುತ್ತಿದ್ದರು. ಬರುವಾಗ ಬರಿಗೈಯಲ್ಲಿ ಏಕೆ ಎಂದು ಒಂದು ಮುರಿದ ಕಬ್ಬಿಣ ತರುತ್ತಿದ್ದರು. ಕಾಲವೂ ಹಾಗೇ ಇತ್ತು. ಮಳೆ ಹಿಡಿದು ಪಂಪುಗಳೆಲ್ಲ ನಿಂತಿದ್ದವು. ತಿರುಗುವ ಕಂಬಿಗೆ ತೊಡಿಸುವ ಲೋಹದ ಬಳೆ, ಅದೇ ಬುಷ್ಷು, ಸವೆದರೆ ಲೇತಿಗೆ ತರುವ ಬದಲು ಅಂಗಡಿಯಿಂದ ಹೊಸದನ್ನೇ ತಂದು ಹಾಕುವ ರೂಢಿ ಶುರುವಾಗಿತ್ತು. ನಾನು ಬೆಳಗ್ಗೆ ಎದ್ದು ಮೆಷಿನ್ನಿಗೆ ಎಣ್ಣೆ ಬಿಡುತ್ತಿದ್ದೆ, ಒರೆಸುತ್ತಿದ್ದೆ, ಇಲ್ಲದ ಕಬ್ಬಿಣದ ಚೂರು ಗುಡಿಸುತ್ತಿದ್ದೆ, ಮತ್ತೆ ಎಣ್ಣೆ ಬಿಡುತ್ತಿದ್ದೆ. ಕೂತರೆ ನಿಲ್ಲಬೇಕು ಅನಿಸುವುದು, ನಿಂತರೆ ಹೊರಗೆ ಹೋಗಬೇಕು ಅನಿಸುವುದು. ಇನ್ನು ಸ್ವಲ್ಪ ದಿನ ಹೀಗೇ ಆದರೆ ಮೆಷಿನ್ನು ಮಾರಬೇಕಾಗುತ್ತದೆ ಎಂಬುದು ಒಂದು ಭಯ. ಮಾರಿದ ಮೇಲೆ ಬೆಳಗ್ಗೆ ಎದ್ದು ಏನು ಮಾಡುವುದು ಎಂಬುದು ಅದಕ್ಕಿಂತ ದೊಡ್ಡ ಭಯ.

“ಕೆಲ್ಸ ಕಾಯ್ಕಂಡು ಕೂತ್ರೆ ಬತ್ತದಾ ಬಾವ? ಓಗಿ ಕೇಳ್ಬೇಕು ಕಣ” ಎಂದ ನನ್ನ ಬಾಮೈದ ಮಹದೇವ. ಅವನು ಅಕ್ಕನ ತಮ್ಮನೇ ಸರಿ, ಅದೇ ಬಾಯಿ. ನಾನು ಒಂದು ಬಟ್ಟೆ ಚೀಲಕ್ಕೆ ನನ್ನ ಕೈಕೆಲಸದ ನಾಲ್ಕಾರು ಬುಷ್ಷು ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಹೋಗಲು ಶುರುಮಾಡಿದೆ. ಯಾವ ಬಸ್ಸು ಮೊದಲು ಹೊರಡುತ್ತದೋ ಆ ಊರು. ಕೆ.ಆರ್. ನಗರದಲ್ಲಿ ಒಂದು ಅಕ್ಕಿ ಗಿರಣಿಗೆ ಹೋದೆ. ಯಜಮಾನರು ಬುಷ್ಷನ್ನು ಅಂಗೈಯಲ್ಲಿಟ್ಟು ತೂಗಿ, “ಚೆನ್ನಾಗದೆ. ಏನಾರ ಮುರುದ್ರೆ ಯೋಳ್ಕಳಿಸ್ತೀನಿ” ಎಂದರು. ಅವತ್ತಿನಿಂದ ಅವರ ಗಿರಣಿ ಮುರಿಯಲಿ ಎಂದು ಹಾರೈಸುವ ಪಾಪವೂ ನನಗೆ ಅಂಟಿಕೊಂಡಿತು. ಸರಗೂರಿನಲ್ಲಿ ಒಬ್ಬರು ಚೀಲದ ಸದ್ದು ಕೇಳಿ ನನ್ನನ್ನು ಗುಜರಿಯವನೆಂದು ತಿಳಿದು, ಹಿತ್ತಲಿಂದ ಹಳೇ ಬಕೆಟ್ಟು ತಂದು ಮುಂದಿಟ್ಟರು.

ಕೊನೆಗೆ ಮಹದೇವನೇ ಯಾರನ್ನೋ ವಿಚಾರಿಸಿ ಮೈಸೂರಿನ ಒಂದು ಕಾರ್ಖಾನೆಯ ದಾರಿ ತೋರಿಸಿದ. ಅವರಿಗೆ ತಿಂಗಳು ತಿಂಗಳೂ ಬುಷ್ಷು ಬೇಕಂತೆ, ಹೊರಗಡೆ ಕಾಂಟ್ರ್ಯಾಕ್ಟ್ ಕೊಡುತ್ತಾರಂತೆ. ಅವನು ಗೇಟಿನಲ್ಲಿ ನಿಂತ. ನಾನೊಬ್ಬನೇ ಒಳಗೆ ಹೋದೆ. ಮ್ಯಾನೇಜರು ಕೇರಳದ ಕಡೆಯವರು, ಕನ್ನಡವನ್ನು ಪುಸ್ತಕದಿಂದ ಕಲಿತವರು. ಪ್ರತಿ ಅಕ್ಷರವನ್ನೂ ತೊಳೆದು ಒಣಗಿಸಿ ಇಟ್ಟಹಾಗೆ ಮಾತಾಡುತ್ತಿದ್ದರು. ಡ್ರಾಯಿಂಗ್ ಬಿಡಿಸಿ, “ಕೂದಲೆಳೆಯಷ್ಟು ವ್ಯತ್ಯಾಸವೂ ಇರಬಾರದು. ಇದು ನಿಮ್ಮಿಂದ ಮಾಡಲು ಆಗುತ್ತದೆಯೋ?” ಎಂದರು.

ನೋಡಿದೆ. ನನ್ನಿಂದ ಸಲೀಸಾಗಿ ಆಗುವ ಕೆಲಸ. ಬಾಯಿಗೆ “ನೋಡಾನ” ಬಂದೇಬಿಟ್ಟಿತ್ತು, ನುಂಗಿಕೊಂಡೆ. ಪುಟ್ಟತಾಯಿ ಇದ್ದಿದ್ದರೆ ಏನು ಹೇಳುತ್ತಿದ್ದಳು ಎಂದು ನೆನೆಸಿಕೊಂಡು ಧೈರ್ಯವಾಗಿ ಹೇಳಿದೆ:

“ಬುಡಿ ಸಾರ್.”

“ಬಿಡುವುದೋ?”

“ಊಂ ಸಾರ್, ಬುಡಿ. ನೀವು ಯೋಚ್ನೆ ಮಾಡ್ಬೇಡಿ.”

ಅವರ ಮುಖ ಸ್ವಲ್ಪ ಬಾಡಿತು. ಡ್ರಾಯಿಂಗನ್ನು ಸುತ್ತಿ ಪಕ್ಕಕ್ಕಿಟ್ಟು, “ಸರಿ, ಬಿಟ್ಟೆ” ಎಂದರು. ನಾನು ಎದ್ದು ಎರಡೂ ಕೈ ಮುಗಿದೆ. ಈ ಮನುಷ್ಯನಿಗೆ ಯಾಕಿಷ್ಟು ಸಂತೋಷ ಎಂದು ಅವರಿಗೆ ಅರ್ಥವಾಗಿರಲಿಕ್ಕಿಲ್ಲ. ಪಾಪ, ಟೀ ತರಿಸಿಕೊಟ್ಟರು.

ಗೇಟಿನಲ್ಲಿ ಮಹದೇವ, “ಏನಂದ್ರು ಬಾವ?” ಎಂದ. “ಬಿಟ್ಟೆ ಅಂದ್ರು ಕಣಯ್ಯ. ಪೂರ್ತಿ ನನಗೇ ಬಿಟ್ಟವ್ರೆ.” “ಕಾಗ್ದ ಗೀಗ್ದ ಏನಾರ ಕೊಟ್ರಾ?” “ದೊಡ್ಡೋರು ಕಣಯ್ಯ, ಮಾತಲ್ಲೇ ಕೊಟ್ರು.”

ಊರಿಗೆ ಬಂದು ಅಂಗಡಿಗೆ ಸುಣ್ಣ ಹೊಡೆಸಿದೆ. ಕಾರ್ಖಾನೆಯ ಮಾಲು ಇಳಿಸಲು ಜಾಗ ಮಾಡಿದೆ. ರಸ್ತೆಯಲ್ಲಿ ಲಾರಿ ಸದ್ದಾದರೆ ಹೊರಗೆ ಓಡಿಬರುತ್ತಿದ್ದೆ. ಅದು ಮರದ ಲಾರಿಯೋ ಶುಂಠಿ ಲಾರಿಯೋ ಆಗಿರುತ್ತಿತ್ತು. ಇದರ ನಡುವೆ ಕೆ.ಆರ್. ನಗರದ ಗಿರಣಿ ನಿಜವಾಗಿಯೂ ಮುರಿದು, ಅವರ ಆಳು ದೊಡ್ಡದೊಂದು ಶಾಫ್ಟನ್ನು ಹೊತ್ತುಕೊಂಡು ಬಂದ. “ಫ್ಯಾಕ್ಟ್ರಿ ಕೆಲಸ ಬರೋದಿದೆ, ಈಗ ಪುರಸೊತ್ತಿಲ್ಲ” ಎಂದು ವಾಪಸು ಕಳಿಸಿದೆ. ಹಾಗೆ ಹೇಳುವಾಗ ಆದ ಸಂತೋಷವನ್ನು ಸುಳ್ಳು ಹೇಳದೆ ಒಪ್ಪಿಕೊಳ್ಳುತ್ತೇನೆ. ಅವನು ಹೋದ ಮೇಲೆ ಮೆಷಿನ್ನಿಗೆ ಇನ್ನೊಂದು ಸಲ ಎಣ್ಣೆ ಬಿಟ್ಟೆ.

ಲಾರಿ ಬರಲೇ ಇಲ್ಲ. ಮಹದೇವ ತಡೆಯಲಾರದೆ ನನ್ನನ್ನು ಮತ್ತೆ ಮೈಸೂರಿಗೆ ಎಳೆದುಕೊಂಡು ಹೋದ, ಈ ಸಲ ತಾನೂ ಒಳಗೆ ಬಂದ. ಮ್ಯಾನೇಜರು ಬೆರಗಾಗಿ, “ನೀವೇ ಬಿಡಿ ಎಂದಿರಲ್ಲ? ಎರಡು ಸಲ ಹೇಳಿದಿರಿ” ಎಂದರು. ಮಹದೇವ ನನ್ನ ಮುಖ ನೋಡಿದ, ಅವರ ಮುಖ ನೋಡಿದ, ಟವೆಲ್ಲು ಬಾಯಿಗೆ ಒತ್ತಿಕೊಂಡ.

“ಸಾರ್, ನಮ್ ಕಡೆ ಆಯ್ತದೆ ಬುಡಿ ಅಂತೀವಿ. ಅಂಗಂದ್ರೆ ಕೆಲ್ಸ ಆದಂಗೇ ಲೆಕ್ಕ. ನಮ್ ಬಾವ ಬರೀ ಬುಡಿ ಅಂದವ್ರೆ. ಆಯ್ತದೆ ಎಲ್ಲಿ ಓಯ್ತು ಬಾವ?”

ಎಲ್ಲಿ ಹೋಯಿತು ಎಂದು ಆ ಕುರ್ಚಿಯಲ್ಲಿ ಕೂತೇ ನನಗೆ ಹೊಳೆಯಿತು. ಇಷ್ಟು ವರ್ಷ ನನ್ನ ಬೆನ್ನ ಹಿಂದೆ ಅವಳು ಗಿರಾಕಿಗಳಿಗೆ ಹೇಳುತ್ತಿದ್ದದ್ದು ಎರಡು ಮಾತು. ಲೇತಿನ ಸದ್ದಿನಲ್ಲಿ ನನ್ನ ಕಿವಿಗೆ ಬೀಳುತ್ತಿದ್ದದ್ದು, ಅವಳು ದನಿ ಎಳೆದು ಹೇಳುತ್ತಿದ್ದ ಎರಡನೆಯದು ಮಾತ್ರ. ಮೆಷಿನ್ನು ಒಂದು ಗಳಿಗೆ ನಿಲ್ಲಿಸಿದ್ದರೆ ಮೊದಲನೆಯದೂ ಕೇಳಿಸುತ್ತಿತ್ತೇನೋ. ಮ್ಯಾನೇಜರಿಗೆ ಇಷ್ಟೆಲ್ಲ ಹೇಳಲು ಬರುವಂಥ ಬಾಯಿ ನನ್ನದಲ್ಲ. “ಆಯ್ತದೆ ಸಾರ್” ಎಂದಷ್ಟೇ ಹೇಳಿದೆ. ಅವರು ಅದನ್ನು ತಾವೂ ಒಮ್ಮೆ ಹೇಳಿ ನೋಡಿಕೊಂಡು ನಕ್ಕರು. ಅಷ್ಟರಲ್ಲಿ ಅರ್ಧ ಕೆಲಸ ಬೇರೆಯವರಿಗೆ ಹೋಗಿತ್ತು, ಉಳಿದರ್ಧ ನನಗೆ ಕೊಟ್ಟರು. ಮಾಡಿ ಒಯ್ದದ್ದು ಅವರ ಅಳತೆಗೆ ಕೂತಿತು. ಮುಂದಿನ ತಿಂಗಳೂ ಕೊಟ್ಟರು.

ಈಗ ಯಾರಾದರೂ ಬಂದರೆ ಮೆಷಿನ್ನು ನಿಲ್ಲಿಸಿ ರಸ್ತೆಗೆ ಮುಖ ಮಾಡಿ ಮಾತಾಡುತ್ತೇನೆ. ಊರು, ಮಳೆ, ಮಕ್ಕಳ ಮದುವೆ ಎಲ್ಲ ಕೇಳುತ್ತೇನೆ. ಅವಸರ ಇದ್ದವರು ಹೊರಗೇ ಕಬ್ಬಿಣ ಇಟ್ಟು ತಪ್ಪಿಸಿಕೊಳ್ಳುವುದೂ ಉಂಟು. ಮೊನ್ನೆ ಮಹದೇವ ಬಾಗಿಲಲ್ಲಿ ನಿಂತು ಕಾದೂ ಕಾದೂ ಸಾಕಾಗಿ, “ಅಕ್ಕ ಇದ್ದಾಗ ಇದ್ರಲ್ಲಿ ಒಂಚೂರು ಮಾತಾಡಿದ್ರೆ ಅವ್ಳ ಗಂಟ್ಲಾದ್ರೂ ಉಳೀತಿತ್ತು ಬಾವ” ಎಂದ. ತಮಾಷೆಗೇ ಅಂದದ್ದು, ನಾನೂ ನಕ್ಕೆ. ಆಮೇಲೆ ಎಣ್ಣೆ ಡಬ್ಬಿ ತೆಗೆದುಕೊಂಡು ಮೆಷಿನ್ನಿನ ಕಡೆ ತಿರುಗಿದೆ. ಅಂಗಡಿಯಲ್ಲಿ ಈಗ ಕೆಲಸ ಇದೆ. ನನ್ನ ಬಾಯಲ್ಲಿ ಮಾತೂ ಇದೆ. ಪುಟ್ಟತಾಯಿ ಇಲ್ಲ.