ಗಾಳೆಪ್ಪನ ಬದ್ಲಿ

ಸಿಂಧನೂರಿನ ಆ ಖಾಸಗಿ ಕಾಲೇಜಿನ ಕಚೇರಿಗೆ ಇದ್ದದ್ದು ಒಂದೇ ಕಂಪ್ಯೂಟರು. ಬೆಳಿಗ್ಗೆ ಗುಂಡಿ ಒತ್ತಿದರೆ ಅದು ಕೆಲಸಕ್ಕೆ ಬರಲು ಇಪ್ಪತ್ತೈದು ನಿಮಿಷ ಹಿಡಿಯುತ್ತಿತ್ತು. ಪರದೆ ಬೆಳಗುತ್ತಿತ್ತು, ಬಾಣದ ಗುರುತೂ ಕಾಣುತ್ತಿತ್ತು. ಆದರೆ ಏನನ್ನು ಒತ್ತಿದರೂ, ಹೋಳಿಗೆ ಊಟ ಮುಗಿಸಿ ಅಡ್ಡಾದ ಬೀಗರನ್ನು ಎಬ್ಬಿಸಿದ ಹಾಗೆ, ಒಳಗಿನಿಂದ ಗೊರಗೊರ ಸದ್ದು ಬಿಟ್ಟರೆ ಬೇರೆ ಉತ್ತರವಿರಲಿಲ್ಲ.

ಆ ಇಪ್ಪತ್ತೈದು ನಿಮಿಷದ ಬೈಗುಳವೆಲ್ಲ ಆಪರೇಟರ್ ಗಾಳೆಪ್ಪನ ಪಾಲು. ಅವನ ಮನೆ ಮುದಗಲ್‌ನಲ್ಲಿ. ಬೆಳಿಗ್ಗೆ ಆರಕ್ಕೆ ಹೊರಟು, ಲಿಂಗಸುಗೂರಿನಲ್ಲಿ ಬಸ್ಸು ಬದಲಿಸಿ, ಮಸ್ಕಿ ದಾಟಿ ಸಿಂಧನೂರು ಮುಟ್ಟುವಷ್ಟರಲ್ಲಿ ಒಂಬತ್ತು ಹೊಡೆಯುತ್ತಿತ್ತು. ಒಂದು ರವಿವಾರ ಅವನು ಕಟ್ಟೆಯ ಮೇಲೆ ಕೂತಿದ್ದನ್ನು ನೋಡಿ ಆರು ವರ್ಷದ ಮಗಳು, "ಅವ್ವಾ, ಅಪ್ಪ ಬಂದಾನ," ಎಂದು ದೂರದ ನೆಂಟರ ಸುದ್ದಿಯಂತೆ ಒಳಗೆ ಓಡಿ ಹೇಳಿದ್ದಳು. ಸಂಸ್ಥೆಯ ಮುಖ್ಯ ಕಚೇರಿ ಲಿಂಗಸುಗೂರಿನಲ್ಲಿತ್ತು. ಅಲ್ಲಿಗೆ ಬದಲಿ ಕೊಟ್ಟರೆ ಮನೆಯಿಂದ ಅರ್ಧ ತಾಸು. ನಾಲ್ಕು ವರ್ಷದಿಂದ ಅವನು ಅರ್ಜಿ ಕೊಡುತ್ತಿದ್ದ. ಅರ್ಜಿ ಟೈಪು ಮಾಡುವವನೂ ಅವನೇ, ಅರ್ಜಿ ತಲುಪಿದೆ ಎಂದು ಸ್ವೀಕೃತಿ ಟೈಪು ಮಾಡುವವನೂ ಅವನೇ. ಉತ್ತರ ಮಾತ್ರ ಬಂದಿರಲಿಲ್ಲ.

ಜೂನ್ ತಿಂಗಳ ಆ ಸೋಮವಾರ ಬೆಳಿಗ್ಗೆಯೇ ಸಾಲಗುಂದದ ಬಸ್ಸಮ್ಮ ಕಿಟಕಿಯ ಸರಳು ಹಿಡಿದು ನಿಂತಿದ್ದಳು. ಮಗಳ ಟಿ.ಸಿ.ಗಾಗಿ ಅದು ಅವಳ ಮೂರನೆಯ ಸಲ.

"ಯಪ್ಪಾ, ಬ್ಯಾರೆ ಕಾಲೇಜಿಗೆ ಹಚ್ಚಾಕ ಇವತ್ತ ಕಡೀ ದಿನ ಐತಿ. ಇವತ್ತರ ಕೊಡು."

"ಕಂಪ್ಯೂಟರ್ ಇನ್ನಾ ಎದ್ದಿಲ್ಲವ್ವಾ."

"ನಾ ಕೋಳಿ ಕೂಗೂದ್ರಾಗ ಎದ್ದು, ರೊಟ್ಟಿ ಬಡದು, ಸಸಿ ಹಚ್ಚೂದು ಬಿಟ್ಟು ಬಂದೀನಿ. ನೆಳ್ಳಾಗ ಕುಂತದ್ದಕ್ಕ ಏನ್ ಧಾಡಿ ಅದಕ್ಕ?"

ಗಾಳೆಪ್ಪ ಬಾಣದ ಗುರುತನ್ನು ಒತ್ತುತ್ತಲೇ ಇದ್ದ. ಉತ್ತರ ಉಳಿದವರ ಬಳಿ ಇತ್ತು. ಹೆಡ್‌ಕ್ಲರ್ಕ್ ವಿರೂಪಾಕ್ಷಪ್ಪ ಕನ್ನಡಕ ಹಣೆಗೇರಿಸಿ, "ವೈರಸ್ಸು," ಎಂದು ತೀರ್ಪು ಕೊಟ್ಟರು. ಪ್ರವೇಶ ವಿಭಾಗದ ರೇಣುಕಾದೇವಿ, "ಕಣ್ಣು ಬಿದ್ದೈತ್ರಿ ಅದಕ್ಕ," ಎಂದು ಡಬ್ಬಿಯಿಂದ ನಿಂಬೆಹಣ್ಣು ತೆಗೆದು ಪರದೆಗೆ ಮೂರು ಸುತ್ತು ನಿವಾಳಿಸಿದರು. ಜವಾನ ಚಾಂದ್‌ಪಾಷಾ ಅದೊಂದೂ ನಂಬುವವನಲ್ಲ. ಇಪ್ಪತ್ತೆರಡು ನಿಮಿಷ ಕಳೆದು, ಇನ್ನೇನು ಯಂತ್ರ ಮಾತಿಗೆ ಬರಬೇಕು ಅನ್ನುವಾಗ ಮೇಜಿನ ಕೆಳಗೆ ನುಸುಳಿ ವಾಯರು ಕಿತ್ತು, ಉಫ್ ಎಂದು ಊದಿ ಮತ್ತೆ ಸಿಕ್ಕಿಸಿದ.

"ಧೂಳ್ ಇತ್ತು ಸರ್," ಎಂದ.

ಪರದೆ ಕಪ್ಪಾಯಿತು. ಇಪ್ಪತ್ತೈದು ನಿಮಿಷ ಮೊದಲಿನಿಂದ ಶುರುವಾಯಿತು. ಅದೇ ಹೊತ್ತಿಗೆ ಪ್ರಿನ್ಸಿಪಾಲರ ಕೋಣೆಯಿಂದ ಸುದ್ದಿ ಬಂತು: ಸಂಸ್ಥೆಯ ಕಾರ್ಯದರ್ಶಿ ಮಾಳಿಂಗರಾಯರು ಹನ್ನೊಂದಕ್ಕೆ ಬರುತ್ತಾರೆ, ಕಚೇರಿ ತಪಾಸಣೆ.

ಗಾಳೆಪ್ಪನಿಗೆ ತಲೆ ಕಾದುಹೋಯಿತು. "ವೈರಸ್ಸೂ ಅಲ್ಲ, ಕಣ್ಣೂ ಅಲ್ರೀ. ಇದು ವಿಂಡೋಸ್ ಅಲ್ಲ, ಲಿನಕ್ಸ್. ಯಾರು ಎಷ್ಟೊತ್ತು ತಿನ್ನಾಕತ್ತಾರ ಅಂತ ಇದನ್ನ ಕೇಳಿದ್ರ ಇದ ಹೇಳತೈತಿ," ಎಂದವನೇ, ಯಂತ್ರ ಕಣ್ಣು ಬಿಡುವುದನ್ನು ಕಾದು, ಪರದೆಯ ಮೇಲೆ ಕಪ್ಪು ಕಿಟಕಿಯೊಂದನ್ನು ತೆರೆದು ಒಂದು ಸಾಲು ಹೊಡೆದ.

ವಿರೂಪಾಕ್ಷಪ್ಪ ಬಗ್ಗಿ ಓದಿದರು. "ಬ್ಲೇಮ್ ಅಂತ ಬರದಿಯಲ್ಲೋ. ಅಂದ್ರ ತಪ್ಪು ಯಾರದು ಅಂತ ಹೇಳೂ ಕಮಾಂಡ್ ಏನು?"

"ಹೌದ್ರೀ."

"ಭಾಳ ಚಲೋ ಐತಲ್ಲೋ! ಇದನ್ನ ನಮ್ಮ ಆಫೀಸಿಗೂ..." ಅಂದವರು ಅರ್ಧಕ್ಕೇ ನಿಲ್ಲಿಸಿ, "ಬ್ಯಾಡ ತಗಿ," ಅಂದರು.

ಪಟ್ಟಿ ಬಂತು. ಎಲ್ಲ ಕಡತಗಳ ನಕಲು ತೆಗೆಯುವುದಕ್ಕೆ ಹನ್ನೊಂದು ನಿಮಿಷ. ವೈರಸ್ ಹುಡುಕುವುದಕ್ಕೆ ಎಂಟು. ಕಡತಗಳ ಹೆಸರು ಬರೆದಿಡುವುದಕ್ಕೆ, ಹೊಸ ತಂತ್ರಾಂಶ ಇಳಿಸುವುದಕ್ಕೆ ಇನ್ನಷ್ಟು. ಗಾಳೆಪ್ಪ ಇನ್ನೊಂದು ಸಾಲು ಹೊಡೆದು ಅವುಗಳ ವೇಳೆ ನೋಡಿದ. ಎಲ್ಲಕ್ಕೂ ರಾತ್ರಿ ಎರಡು ಗಂಟೆ ಎಂದಿತ್ತು.

"ನೋಡ್ರಿ, ಹಿಂದಿನ ಆಪರೇಟರ್ ಇವನ್ನೆಲ್ಲಾ ರಾತ್ರಿ ಮಾಡ್ಲಿ ಅಂತ ಹಚ್ಚಿಟ್ಟಾನ. ನೀವು ಸಂಜಿಕ ಐದಕ್ಕ ಮೇನ್ ಸ್ವಿಚ್ಚ ಆರಸ್ತೀರಿ. ರಾತ್ರಿ ತಪ್ಪಿದ ಕೆಲಸೆಲ್ಲಾ ಮುಂಜಾನಿ ಬಟನ್ ಒತ್ತಿದ ಕೂಡ್ಲೆ ಒಮ್ಮೆಲೇ ನುಗ್ತಾವ. ಒಂದ ಬಾಗಲಕ್ಕ ನಾಕು ಮಂದಿ ಅಡ್ಡ ಬಿದ್ರ ಒಳಗ ಹೋಗೂದು ಹ್ಯಾಂಗ?"

"ಅಂದ್ರ ತಪ್ಪು ನಂದು ಅಂತೀಯೇನಲೇ?"

"ನಾ ಅನ್ನಾಕತ್ತಿಲ್ರೀ, ಪಟ್ಟಿ ಅನ್ನಾಕತ್ತೈತಿ. ವ್ಯಾಳ್ಯಾ ಬದಲಿ ಮಾಡಾಕ ಅಡ್ಮಿನ್ ಪಾಸ್‌ವರ್ಡ್ ಬೇಕು. ಅದು ನಿಮ್ಮ ಹತ್ರ ಐತಿ."

ವಿರೂಪಾಕ್ಷಪ್ಪ ಆರು ವರ್ಷದಿಂದ ಆ ಪಾಸ್‌ವರ್ಡನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಹೊರಗೆ ಬಸ್ಸಮ್ಮನ ದನಿ ಏರುತ್ತಿತ್ತು, ಗೋಡೆಯ ಗಡಿಯಾರ ಹತ್ತೂಕಾಲು ತೋರಿಸುತ್ತಿತ್ತು. ಕೊನೆಗೆ ಅವರು ಗಾಳೆಪ್ಪನ ಕಿವಿಗೆ ಬಾಯಿಟ್ಟು ಪಿಸುಗುಟ್ಟಿದರು. ಫ್ಯಾನಿನ ಗದ್ದಲದಲ್ಲಿ ಅವನಿಗೆ ಕೊನೆಯ ಅಂಕಿಗಳು ಕೇಳಿಸಲಿಲ್ಲ.

"ಪಾರ್ವತೆಮ್ಮ ಎಷ್ಟ್ರೀ? ಒಂದು ಎರಡು ಮೂರಾ?" ಎಂದು ಜೋರಾಗಿಯೇ ಕೇಳಿದ.

ಎಲ್ಲರೂ ಹೆಡ್‌ಕ್ಲರ್ಕರತ್ತ ತಿರುಗಿದರು. ವಿರೂಪಾಕ್ಷಪ್ಪನವರ ಹೆಂಡತಿಯ ಹೆಸರು ಆದೆಮ್ಮ ಎಂಬುದು ಎಲ್ಲರಿಗೂ ಗೊತ್ತಿತ್ತು.

"ಪಾರ್ವತೆಮ್ಮ ಯಾರ್ರೀ?" ಎಂದರು ರೇಣುಕಾದೇವಿ, ಕೈಯಲ್ಲಿನ ನಿಂಬೆಹಣ್ಣು ಕೆಳಗಿಟ್ಟು.

"ನಮ್ಮ ಎಮ್ಮಿ!" ಎಂದು ವಿರೂಪಾಕ್ಷಪ್ಪ ಗುಡುಗಿದರು. ಯಾರೂ ನಂಬಲಿಲ್ಲ.

ಗಾಳೆಪ್ಪ ಕೂತು ನಾಲ್ಕೂ ಕೆಲಸಗಳನ್ನು ಮಧ್ಯಾಹ್ನ ಊಟದ ಹೊತ್ತಿಗೆ, ಒಂದರ ಹಿಂದೊಂದು ಬರುವಂತೆ ಹೊಂದಿಸಿದ. ಯಂತ್ರ ಆರಿಸಿ ಮತ್ತೆ ಹಚ್ಚಿದ. ಅರ್ಧ ನಿಮಿಷ! ಪರದೆ ತೆರೆಯಿತು, ಒತ್ತಿದ್ದಕ್ಕೆಲ್ಲ ಓಗೊಟ್ಟಿತು. ಬಸ್ಸಮ್ಮನ ಮಗಳ ಟಿ.ಸಿ. ಪ್ರಿಂಟರಿನಿಂದ ಬಿಸಿಬಿಸಿಯಾಗಿ ಹೊರಬಂತು. "ನಿನ್ನ ಹೊಟ್ಟಿ ತಣ್ಣಗಿರ್ಲಿ ಯಪ್ಪಾ," ಎಂದು ಅವಳು ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಓಡಿದಳು. ಯಾರಾದರೂ ಅವನಿಗೆ ಒಳ್ಳೆಯದಾಗಲಿ ಅಂದು ಬಹಳ ದಿನವಾಗಿತ್ತು. ಗಾಳೆಪ್ಪ ಕಿಟಕಿಗೆ ಬಂದು ಅವಳು ಗೇಟು ದಾಟುವವರೆಗೂ ನೋಡಿದ.

ಕಾರ್ಯದರ್ಶಿಗಳು ಬಂದರು. ಅವರೆದುರಿಗೇ ಮತ್ತೊಮ್ಮೆ ಹಚ್ಚಿ ತೋರಿಸಿದ್ದಾಯಿತು. ಅವರು ಕೈಗಡಿಯಾರ ನೋಡಿ ಹುಬ್ಬೇರಿಸಿದರು, ನೇರ ಪ್ರಿನ್ಸಿಪಾಲರ ಕೋಣೆ ಹೊಕ್ಕರು. ಚಹಾ ಕೊಡಲು ಹೋಗಿದ್ದ ಚಾಂದ್‌ಪಾಷಾ ಖಾಲಿ ಟ್ರೇ ಹಿಡಿದು ಓಡಿ ಬಂದ.

"ಗಾಳೆಪ್ಪ ಸರ್! ಮುಬಾರಕ್! ನಿಮ್ಮ ಬದ್ಲಿ ಆತು! ನಾನ ನನ್ನ ಕಿವಿಲೆ ಕೇಳೀನಿ. 'ಇಷ್ಟು ಚುರುಕು! ಸಿಂಧನೂರಾಗಿಟ್ಟು ಏನ್ಮಾಡ್ತೀರಿ? ಇವತ್ತ ಲಿಂಗಸುಗೂರಿಗೆ ಕಳಸ್ರಿ, ಸಂಜೀಗೆ ಹುಕುಂ ಬರತೈತಿ' ಅಂದ್ರು."

ಗಾಳೆಪ್ಪ ಖುರ್ಚಿ ಹಿಡಿದು ನಿಂತ. ಆಮೇಲೆ ಅಂಗಳಕ್ಕೆ ಹೋಗಿ ಹೆಂಡತಿಗೆ ಫೋನು ಹಚ್ಚಿದ. "ಮಹೇಶ್ವರೀ, ಬದ್ಲಿ ಆತು," ಅಂದ. ಆ ಕಡೆ ಮೂಗೇರಿಸುವ ಸದ್ದಾಯಿತು. "ಖರೇನ? ಹಂಗಾರ ಇನ್ನ ಮ್ಯಾಲ ಆಕೀನ ಸಾಲಿಗೆ ನೀವ ಬಿಟ್ಟು ಬರ್ರಿ," ಎಂದಳು.

ಮೂರು ಗಂಟೆಗೆ ಬೀಳ್ಕೊಡುಗೆ. ರೇಣುಕಾದೇವಿ ಬಹುಮಾನದ ಕಪಾಟಿನಿಂದ ಒಂದು ಶಾಲು ತಂದು ಹೊದಿಸಿದರು. ಚಾಂದ್‌ಪಾಷಾ ಮಿರ್ಚಿ ತಂದ. "ಗಾಳೆಪ್ಪ ನನ್ನ ಕೈಯಾಗ ತಯಾರಾದ ಹುಡುಗ," ಎಂದು ವಿರೂಪಾಕ್ಷಪ್ಪ ಮುಕ್ಕಾಲು ತಾಸು ತಮ್ಮ ಬಗ್ಗೆಯೇ ಮಾತಾಡಿ, ಕೊನೆಗೆ, "ನೀನೂ ಎರಡು ಮಾತು ಆಡು. ಮನಸ ಬಿಚ್ಚಿ ಆಡು," ಅಂದರು.

ಗಾಳೆಪ್ಪ ಬಿಚ್ಚಿದ. ಆರು ವರ್ಷ ಅದುಮಿಟ್ಟದ್ದು ಮಿರ್ಚಿಯ ಖಾರದೊಡನೆ ಮೇಲೆ ಬಂತು.

"ಈ ಕಂಪ್ಯೂಟರಿನ ಕಥಿ ನಂದೂ ಹೌದ್ರೀ. ಎಲ್ಲಾರೂ ತಮ್ಮ ಕೆಲಸ ಬಿಟ್ಟು ಹೋಗ್ತಾರ, ಮುಂಜಾನಿ ನಾ ಬಂದ ಕೂಡ್ಲೆ ಅವೆಲ್ಲಾ ನನ್ನ ಮ್ಯಾಲ ಬೀಳ್ತಾವ. ವಿರೂಪಾಕ್ಷಪ್ಪ ಸಾಹೇಬ್ರು ಈ ಆರು ವರ್ಷದಾಗ ಒಂದು ಪತ್ರ ಸ್ವಂತ ಬರದಿಲ್ಲ. ಸಹಿ ಅಷ್ಟ ಅವರದು, ಅದೂ ತಪ್ಪಿದ ಜಾಗಾದಾಗ. ರೇಣುಕಾದೇವಿಯವರ ಪ್ರವೇಶ ರಿಜಿಸ್ಟರ್ ಬರಿಯೋನು ನಾ, ಅವರು ಆ ಹೊತ್ತಿನ್ಯಾಗ ಅವರೀಕಾಯಿ ಸುಲೀತಾರ. ಚಾಂದ್‌ಪಾಷಾ ಒಳ್ಳೆ ಮನುಷಾ, ಆದ್ರ ಅವನು ಮುಟ್ಟಿದ್ದು ಒಂದೂ ಉಳದಿಲ್ಲ. ಹೋಗೂ ಹೊತ್ತಿನ್ಯಾಗ ಹೇಳಾಕತ್ತೀನಿ, ಸಿಟ್ಟಾಗಬ್ಯಾಡ್ರಿ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಗಾಳೆಪ್ಪನಿಗೆ ಮಾತ್ರ ಮೈ ಹಗುರವಾಗಿತ್ತು.

ಆಗಲೇ ಕಂಪ್ಯೂಟರು ಟಿಣ್ ಎಂದಿತು. ಮುಖ್ಯ ಕಚೇರಿಯ ಹುಕುಂ ಬಂದಿತ್ತು. ವಿರೂಪಾಕ್ಷಪ್ಪ ಹಲ್ಲು ಕಚ್ಚಿ, "ಓದಪ್ಪಾ, ನಿನ್ನದ ಐತಲ್ಲ, ಜೋರಾಗಿ ಓದು," ಅಂದರು.

ಗಾಳೆಪ್ಪ ಶಾಲು ಸರಿಮಾಡಿಕೊಂಡು ಓದಿದ. "ಸಿಂಧನೂರು ಶಾಖೆಯ ಗಣಕಯಂತ್ರವು ಉತ್ತಮ ವೇಗ ಹೊಂದಿರುವುದು ಕಂಡುಬಂದಿರುವುದರಿಂದ, ಸದರಿ ಯಂತ್ರವನ್ನು ಮುಖ್ಯ ಕಚೇರಿಗೆ ವರ್ಗಾಯಿಸಲಾಗಿದೆ..." ಅವನ ದನಿ ಇಳಿಯಿತು.

"ನಿಂತ್ಯಾಕ? ಮುಂದ ಓದು," ಎಂದರು ವಿರೂಪಾಕ್ಷಪ್ಪ. ಅವರ ಮುಖಕ್ಕೆ ಕಳೆ ಬರತೊಡಗಿತ್ತು.

"ಆಪರೇಟರ್ ಗಾಳೆಪ್ಪ ಇವರು ಅದನ್ನು ಇಂದೇ ಖುದ್ದಾಗಿ ತಲುಪಿಸಿ, ಮುಖ್ಯ ಕಚೇರಿಯ ಹಳೆಯ ಯಂತ್ರವನ್ನು ಪಡೆದು, ನಾಳೆ ಬೆಳಿಗ್ಗೆ ಎಂದಿನಂತೆ ಸಿಂಧನೂರಿನಲ್ಲಿ ಕರ್ತವ್ಯಕ್ಕೆ ಹಾಜರಾಗತಕ್ಕದ್ದು."

ಮೊದಲು ಅಲುಗಾಡಿದವರು ರೇಣುಕಾದೇವಿ. "ಶಾಲು ಬಿಡ್ರಿ. ಸ್ಟಾಕಿನ್ಯಾಗ ಐತದು," ಎಂದು ಹೆಗಲಿನಿಂದ ಎಳೆದುಕೊಂಡು ಮಡಚಿದರು.

ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಗಾಳೆಪ್ಪ ಬಸ್ಸಿನಲ್ಲಿ ಕೂತ. ಮಸ್ಕಿಯಲ್ಲಿ ಹತ್ತಿದವರೆಲ್ಲ ಅದಕ್ಕೆ ಮೊಣಕಾಲು ತಾಗಿಸಿ, ಅವನನ್ನೇ ಬೈದರು. ಲಿಂಗಸುಗೂರಿನಲ್ಲಿ ಅದನ್ನಿಳಿಸಿ ಜೋಡಿಸಿಕೊಟ್ಟ. ಬದಲಿಗೆ ಸಿಕ್ಕ ಹಳೆಯ ಯಂತ್ರ ತೂಕದಲ್ಲಿ ಅದರ ಎರಡರಷ್ಟಿತ್ತು. "ಇದು ಏಳಾಕ ಐವತ್ತು ನಿಮಿಷ ಬೇಕ್ರಿ," ಎಂದು ಅಲ್ಲಿನವರು ನಗುನಗುತ್ತ ಕಳಿಸಿಕೊಟ್ಟರು.

ಮುದಗಲ್ ನಿಲ್ದಾಣದಲ್ಲಿ ಮಹೇಶ್ವರಿ ಮಗಳಿಗೆ ಹೊಸ ಫ್ರಾಕು ತೊಡಿಸಿಕೊಂಡು ಬಂದು ನಿಂತಿದ್ದಳು. ಗಂಡನ ಹೆಗಲ ಮೇಲಿನ ಡಬ್ಬಿ ನೋಡಿ ಅವಳ ಕಣ್ಣರಳಿತು. "ಬದ್ಲಿ ಕೂಡ ಬಹುಮಾನಾನೂ ಕೊಟ್ಟಾರೇನ್ರಿ?"

ಗಾಳೆಪ್ಪ ಡಬ್ಬಿ ಇಳಿಸುತ್ತಿರುವಾಗ ಜೇಬಿನಲ್ಲಿ ಫೋನು ಬಡಿದುಕೊಂಡಿತು. ವಿರೂಪಾಕ್ಷಪ್ಪನವರದು. ದನಿಯಲ್ಲಿ ಬೆಲ್ಲದಂಥ ಮೃದುತ್ವ.

"ಗಾಳೆಪ್ಪಾ, ನಾಳಿ ಒಂಬತ್ತಕ್ಕಲ್ಲ, ಎಂಟಕ್ಕ ಬಂದುಬಿಡು. ನಿನ್ನ ಭಾಷಣದಾಗ ಒಂದೆರಡು ಮಾತು ನಮಗ ಸರಿಯಾಗಿ ತಿಳಿಲಿಲ್ಲ. ಬಿಡಿಸಿ ಹೇಳ್ತೀಯಂತ ಎಲ್ಲಾರೂ ಕಾಯಾಕತ್ತಾರ."