ಚಾ ಕುಡಿದ ಖಾಲಿ ಹೊಟ್ಟೆ

ನಮ್ಮ ಕಾಕಾನ ದಯೆಯಿಂದ ಹುಮನಾಬಾದಿನ ಒಂದು ಆಸ್ಪತ್ರೆಗೆ ಹೊಸ ಬೋರ್ಡು ಬಂದಿದೆ. ‘ಆಪರೇಷನ್‌ಗೆ ಖಾಲಿ ಹೊಟ್ಟೆಯಲ್ಲಿ ಬರಬೇಕು. ಚಹಾ ಕುಡಿದ ಹೊಟ್ಟೆ ಖಾಲಿ ಹೊಟ್ಟೆ ಅಲ್ಲ.’ ಎರಡನೇ ಸಾಲಿನ ಕೆಳಗೆ ಕೆಂಪು ಗೆರೆ ಬೇರೆ! ನಮ್ಮ ಕಾಕುವಿನ ಆಪರೇಷನ್ ಎರಡು ಸಲ ತಪ್ಪಿದ ಮೇಲೆ ಹಾಕಿದ ಬೋರ್ಡು ಅದು. ಎರಡೂ ಸಲ ತಪ್ಪಿಸಿದವರು ಅವರ ಗಂಡ, ಅಂದರೆ ಕಾಕಾ. ನಮ್ಮ ಮನೆತನದಿಂದ ಒಬ್ಬರಾದರೂ ವೈದ್ಯಕೀಯ ಕ್ಷೇತ್ರಕ್ಕೆ ಕಾಣಿಕೆ ಕೊಟ್ಟರಲ್ಲ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೇನೆ.

ಕಾಕಾ ನಮ್ಮಪ್ಪನ ತಮ್ಮ, ಅಣ್ಣನ ಮಗಳಾದ ನನ್ನನ್ನು ‘ತಂಗಿ’ ಎಂದೇ ಕರೆಯುತ್ತಾರೆ. ಮನೆ ಬಸವಕಲ್ಯಾಣ. ಹುಮನಾಬಾದಿನ ಔಷಧಿ ಕಾರ್ಖಾನೆಯೊಂದರ ಗೇಟಿನಲ್ಲಿ ರಿಟೈರ್ ಆಗುವ ತನಕ ಕೂತು ಲಾರಿಗಳ ನಂಬರ್ ಬರೆದರು. ಆದರೆ ಯಾರಾದರೂ ಕೇಳಿದರೆ “ನಾ ಮೆಡಿಸಿನ್ ಲೈನಿನಾಗ ಇದ್ದೆ” ಎನ್ನುತ್ತಾರೆ. ಅವರ ಮೆಡಿಸಿನ್ ಒಂದೇ, ಚಾ. ನೆಗಡಿಗೆ ಶುಂಠಿ ಚಾ. ಹೊಟ್ಟೆ ಉಬ್ಬರಕ್ಕೆ ಬಡೇಸೋಪಿನ, ಅಂದರೆ ಸೋಂಪಿನ ಚಾ. ಗಂಟಲು ಕೆರೆತಕ್ಕೆ ಲವಂಗದ ಚಾ. ತಲೆನೋವಿಗೆ? ಬರೀ ಚಾ. ಚಾ ಜಾಸ್ತಿಯಾಗಿಯೇ ತಲೆನೋವು ಬಂದಿದ್ದರೆ? ಇನ್ನೊಂದು ಚಾ!

ಕುದಿಸಿ ಸೋಸಿದ ಪುಡಿಗೂ ಅವರ ಮನೆಯಲ್ಲಿ ರಿಟೈರ್‌ಮೆಂಟ್ ಇಲ್ಲ. ಗುಲಾಬಿ ಬುಡಕ್ಕೆ ಹೋಗುತ್ತದೆ, ಬಟ್ಟಲಲ್ಲಿ ಕೂತು ಫ್ರಿಜ್ಜಿನ ವಾಸನೆ ಕುಡಿಯುತ್ತದೆ. ಒಮ್ಮೆ ಬೂಟಿನ ವಾಸನೆ ಹೋಗಲೆಂದು ಒಣಗಿಸಿದ ಪುಡಿಯನ್ನು ಬೂಟಿಗೆ ತುಂಬಿ, ತೆಗೆಯಲು ಮರೆತು, ಅದನ್ನೇ ಹಾಕಿಕೊಂಡು ಘಾಟಬೋರಾಳದ ಬೀಗರ ಮನೆಗೆ ಹೋದರು. ಹೊಸ ಮನೆ, ಬಿಳಿ ಟೈಲ್ಸು. ಬೂಟು ಬಿಚ್ಚಿ ಒಳಗೆ ನಡೆದರು. ಹೊಸ್ತಿಲಿನಿಂದ ಸೋಫಾದವರೆಗೆ ಸಾಲಾಗಿ ಕಪ್ಪು ಹೆಜ್ಜೆ. ಬೀಗರು ಹೆಜ್ಜೆ ನೋಡಿದರು, ಬೀಗಿತ್ತಿ ಬೀಗರ ಮುಖ ನೋಡಿದರು. ಕಾಕಾ ಮೂಗು ಅರಳಿಸಿ ಹೇಳಿದರು: “ಚಾದ ವಾಸನಿ ಭಾಳ ಛಲೋ ಬರಾಕತ್ತದ್ರಿ. ಇಟ್ಟೀರೇನು?”

ಕೂದಲು ಕಪ್ಪಾಗಲು ಚಾ ನೀರಲ್ಲಿ ತಲೆ ತೊಳೆಯಬೇಕು ಎಂದು ಯಾರೋ ಮೊಬೈಲಿನಲ್ಲಿ ಕಳಿಸಿದರು. ಬರೀ ಪುಡಿ ಕುದಿಸಿದ ನೀರು ಎಂದಿತ್ತು. ಇವರು ಪಾತ್ರೆಯಲ್ಲಿ ಉಳಿದ ಸಕ್ಕರೆ ಚಾವನ್ನೇ ಸುರಿದುಕೊಂಡು ಅಂಗಳದ ಮಂಚದ ಮೇಲೆ ಒರಗಿದರು. ಅರ್ಧ ಗಂಟೆಯಲ್ಲಿ ತಲೆ ನಿಜವಾಗಿಯೂ ಕಪ್ಪಾಯಿತು. ಇರುವೆ. ಕಾಕು ಬಕೆಟ್ ನೀರು ತಂದು ನಿಂತು, “ಮೆಡಿಸಿನ್ ಲೈನಿನವರು ಜರಾ ಬಗ್ರಿ” ಅಂದರು.

ಆ ಕಾಕುವಿನ ಪಿತ್ತಕೋಶದಲ್ಲಿ ಕಲ್ಲಾದವು. ತೆಗೆಯಲೇಬೇಕು ಎಂದರು ಡಾಕ್ಟರು. ನಾನು ಇರುವುದು ಹುಮನಾಬಾದಿನಲ್ಲಿ, ಹಾಗಾಗಿ ಆಸ್ಪತ್ರೆಯ ಓಡಾಟ ನನ್ನದು. ಮೊದಲ ಸಲ ಎಲ್ಲ ತಯಾರಾಗಿ, ಕಾಕುವಿಗೆ ಹಸಿರು ಗೌನು ತೊಡಿಸಿದ ಮೇಲೆ ಡಾಕ್ಟರ್ ಕೇಳಿದರು:

“ಮುಂಜಾನಿಯಿಂದ ಏನೂ ಕೊಟ್ಟಿಲ್ಲಲ್ರಿ?”

“ಇಲ್ರಿ,” ಎಂದರು ಕಾಕಾ. “ಚಾ ಅಷ್ಟ.”

“ಖಾಲಿ ಹೊಟ್ಟಿಲೆ ಕರಕೊಂಡು ಬರ್ರಿ ಅಂದಿದ್ದಿಲ್ಲೇನ್ರಿ?”

“ಖಾಲೀನೇ ಅದರಿ. ಒಂದು ತುತ್ತು ರೊಟ್ಟಿ ಹೋಗಿಲ್ಲ. ಹೊರಗಿನ ಹೋಟೆಲಿಂದ ತಂದು ಫಕತ್ ಎರಡು ಸಲ ಚಾ ಕುಡಿಸೀನಿ.”

“ಚಾನೂ ನಡಿಯಂಗಿಲ್ರೀ!”

“ಯಾಕ ನಡಿಯಂಗಿಲ್ಲ? ಶ್ರಾವಣ ಸೋಮವಾರದ ಉಪಾಸಕ್ಕ ನಡೀತದ, ಶಿವರಾತ್ರಿಗಿ ನಡೀತದ. ದೇವರೇ ಬಿಟ್ಟಾನ, ನೀವ್ಯಾಕ ಹಿಡೀತೀರಿ?”

ಅರಿವಳಿಕೆ ಕೊಟ್ಟಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಉಸಿರಿನ ದಾರಿಗೆ ಹೋದರೆ ಜೀವಕ್ಕೇ ಅಪಾಯ ಎಂದು ಡಾಕ್ಟರ್ ತಾಳ್ಮೆಯಿಂದ ತಿಳಿಸಿದರು. ಕಾಕಾ ಅಷ್ಟೇ ತಾಳ್ಮೆಯಿಂದ ಕೇಳಿಸಿಕೊಂಡರು. ಎಂಟು ದಿನ ಬಿಟ್ಟು ಬರಲು ಡಾಕ್ಟರ್ ಹೇಳಿದರು.

ಎಂಟು ದಿನ ಬಿಟ್ಟು ಹೋದೆವು. ಒಳಗೆ ಕರೆಯಲು ಅರ್ಧ ಗಂಟೆ ಇದೆ ಎನ್ನುವಾಗ ನಾನು ಕಾಗದಕ್ಕೆ ಸಹಿ ಮಾಡಲು ಹೋಗಿದ್ದೆ. ಬರುವಷ್ಟರಲ್ಲಿ ಕಾಕುವಿನ ಕೈಯಲ್ಲಿ ಖಾಲಿ ಲೋಟ!

“ಕಾಕಾ! ಚಾ ಬ್ಯಾಡ ಅಂದಿದ್ರಲ್ರಿ!”

“ಚಾ ಎಲ್ಲದ? ಹಾಲು ಹಾಕಿಸಿಲ್ಲ, ಸಕ್ಕರಿ ಹಾಕಿಸಿಲ್ಲ. ಇದು ಕಷಾಯ.”

ಆ ದಿನ ಡಾಕ್ಟರ್ ಏನೂ ತಿಳಿಸಲಿಲ್ಲ. ಪೇಂಟರ್‌ಗೆ ಫೋನ್ ಮಾಡಿದರು.

ಆ ವಾರ ಕಾಕುವಿಗೆ ನೋವು ಎದ್ದಿತು. ನಾನು ಬಸವಕಲ್ಯಾಣಕ್ಕೆ ಓಡಿದೆ. ಕಾಕು ಸೆರಗು ಬಾಯಲ್ಲಿ ಕಚ್ಚಿಕೊಂಡು ಗೋಡೆಗೆ ಮುಖ ಮಾಡಿ ಮಲಗಿದ್ದರು. ಕಾಕಾ ಕಾಲ ಬಳಿ ಕೂತಿದ್ದರು. ಏನೋ ಹೇಳಲು ಬಾಯಿ ತೆಗೆದರು. ಬಡೇಸೋಪಿನ ಚಾ ಎನ್ನುತ್ತಾರೆ ಅಂದುಕೊಂಡೆ. ಬಾಯಿ ಮುಚ್ಚಿಕೊಂಡರು. ಔಷಧಿ ಹೇಳದೆ ಸುಮ್ಮನೆ ಕೂತ ಕಾಕಾನನ್ನು ನಾನು ನೋಡಿದ್ದು ಅದೇ ಮೊದಲು.

ಮೂರನೇ ಸಲ ಡಾಕ್ಟರ್ ಒಂದೇ ಷರತ್ತು ಹಾಕಿದರು. “ಆ ಚಾದ ಕಾಕಾನ್ನ ಮನ್ಯಾಗ ಬಿಟ್ಟು ಬರ್ರಿ.” ನನ್ನ ಮನೆಯಲ್ಲಿ ಅವರನ್ನು ಕೂರಿಸಿ, ಮುಂದೆ ಒಂದು ಕಪ್ ಚಾ ಇಟ್ಟು, ಕಾಕುವನ್ನು ಕರೆದುಕೊಂಡು ಹೋದೆ. ಮಧ್ಯಾಹ್ನ ಬಂದು ನೋಡಿದರೆ ಕಪ್ ಇಟ್ಟಲ್ಲೇ ಇತ್ತು, ಮೇಲೆ ಕೆನೆ ಕಟ್ಟಿತ್ತು. ಕಾಕಾ ತಲೆ ಹಿಡಿದುಕೊಂಡು ಕೂತಿದ್ದರು.

“ಆಪರೇಷನ್ ಛಲೋ ಆಗ್ಯದ್ರಿ. ನೀವ್ಯಾಕ ಚಾ ಕುಡದಿಲ್ಲ?”

“ಅಕೀಗಿ ಕೊಟ್ಟಾರೇನು?”

“ಇವತ್ತ ಕೊಡಂಗಿಲ್ಲ.”

“ಹಂಗಾರ ನನಗೂ ಬ್ಯಾಡ.”

ಮರುದಿನ ಬೆಳಗ್ಗೆ ಆಸ್ಪತ್ರೆಯ ಸಿಸ್ಟರ್ ಫೋನ್ ಮಾಡಿ, ಇನ್ನು ಸ್ವಲ್ಪ ಚಾ ಕೊಡಬಹುದು ಎಂದರು. ನಾನು ಫೋನ್ ಇಡುವಷ್ಟರಲ್ಲಿ ಕಾಕಾ ಅಡುಗೆಮನೆಯಲ್ಲಿದ್ದರು. “ನೀ ಆಕಡಿ ಸರಿ, ನಾ ಮಾಡತೀನಿ” ಎಂದು ಪಾತ್ರೆ ಹಿಡಿದು ಒಲೆಯ ಮುಂದೆ ನಿಂತರು. ನಿಂತೇ ಇದ್ದರು.

“ತಂಗೀ, ಮೊದಲ ನೀರೋ, ಹಾಲೋ?”

ಊರಿಗೆಲ್ಲ ಚಾ ಬರೆದುಕೊಟ್ಟ ಡಾಕ್ಟರ್! ಜೀವನದಲ್ಲಿ ಒಂದು ಸಲವೂ ಚಾ ಮಾಡಿರಲಿಲ್ಲ! ನಾನು ನಗುತ್ತಲೇ ನೀರು ತೋರಿಸಿದೆ, ಪುಡಿ ತೋರಿಸಿದೆ, ಸಕ್ಕರೆ ಡಬ್ಬಿ ಕೊಟ್ಟೆ. ಚಮಚ ಎತ್ತಿ ಮತ್ತೆ ನಿಂತರು.

“ಅಕೀ ಎಷ್ಟು ಹಾಕೋತಾಳ?”

“ನಲವತ್ತು ವರ್ಷ ಒಂದ ಮನ್ಯಾಗ ಇದ್ದು ನನ್ನ ಕೇಳತೀರೇನ್ರಿ ಕಾಕಾ?”

“ನಾ ಕುಡಿಯೂಮುಂದ ಅಕೀ ಒಳಗ ಇರತಿದ್ಳವ್ವ.”

ನನ್ನ ನಗು ಅಲ್ಲೇ ನಿಂತಿತು.

ಚಾ ಆಯಿತು. ಕುದಿಯುವ ಹಾಲಿಗೆ ಹಸಿ ಶುಂಠಿ ಹಾಕಿದ್ದಕ್ಕೆ ಒಡೆದುಹೋಗಿತ್ತು. ಬೇರೆ ಮಾಡುತ್ತೇನೆ ಎಂದೆ, ಕೇಳಲಿಲ್ಲ. ಸಕ್ಕರೆ ಹಾಕದೆ ಅದನ್ನೇ ಸೋಸಿ ಥರ್ಮಾಸಿಗೆ ತುಂಬಿ, ಸಕ್ಕರೆಯನ್ನು ಬೇರೆ ಕಾಗದದಲ್ಲಿ ಕಟ್ಟಿಕೊಂಡರು.

ಕಾಕು ದಿಂಬಿಗೆ ಒರಗಿದ್ದರು. ಕಾಕಾ ಲೋಟಕ್ಕೆ ಸುರಿದು, ಪೊಟ್ಟಣ ಬಿಚ್ಚಿ, ಚಮಚ ಹಿಡಿದು ಕೇಳಿದರು:

“ಎಷ್ಟು ಹಾಕ್ಲಿ?”

ಕಾಕು ಚಮಚ ನೋಡಿದರು. ಆಮೇಲೆ ಗಂಡನ ಮುಖ ನೋಡಿದರು.

“ಒಂದೂವರಿ,” ಎಂದರು.

ಕಾಕಾ ಒಂದೂವರೆ ಚಮಚ, ಅಳತೆ ತಪ್ಪದಂತೆ ಹಾಕಿದರು. ಕಾಕು ಆ ಒಡೆದ ಚಾವನ್ನು ಗುಟುಕು ಗುಟುಕಾಗಿ, ತಳದ ತನಕ ಕುಡಿದರು. ಲೋಟ ಅವರ ಕೈಗೆ ವಾಪಸ್ ಕೊಟ್ಟು, ಸೆರಗಿನಿಂದ ಬಾಯಿ ಒರೆಸಿಕೊಂಡು ಹೇಳಿದರು:

“ನಾಳಿ ಶುಂಠಿ ಮೊದಲ ನೀರಾಗ ಕುದಿಸ್ರಿ.”