ಮೇಸ್ತ್ರಿಯ ಕನ್ನಡಿ ನೆಲ, ಸಾಹುಕಾರನ ಹಿಮ್ಮಡಿ

"ನೆಲದ ವಿಷಯದಲ್ಲಿ ನನಗೆ ಬುದ್ಧಿ ಹೇಳೋರು ಇನ್ನೂ ಹುಟ್ಟಿ ಬರ್ಬೇಕು! ಒಂದು ಮೊಲದ ಪಾದ ಸರಿ ಮಾಡೋದು ಯಾವ ಮಹಾ ವಿದ್ಯೆ? ಭಾನುವಾರದೊಳಗೆ ಸಾಹುಕಾರನ ಕಾಲು ರೇಷ್ಮೆ ಹಾಗಾಗುತ್ತೆ, ನೋಡ್ತಿರು!"

ಪಶುವೈದ್ಯೆಯ ಹತ್ತಿರ ಹೋಗಿ ಬಂದ ಮೇಸ್ತ್ರಿ ಬುಟ್ಟಿ ಕೆಳಗಿಡುವ ಮೊದಲೇ ಹೆಂಡತಿಗೆ ಹೀಗೆ ಘೋಷಿಸಿದ. ಬುಟ್ಟಿಯೊಳಗಿನ ಸಾಹುಕಾರ ಮೂಗು ಅಲ್ಲಾಡಿಸಿದ. ಸಾಹುಕಾರ ಎಂದರೆ ಮೇಸ್ತ್ರಿಯ ಹೆಂಡತಿ ಸಾಕಿದ ಬಿಳಿ ಮೊಲ. ತಿನ್ನುವುದು, ಕೂರುವುದು, ಕೂತಲ್ಲೇ ತೂಕಡಿಸುವುದು, ಇದೇ ಅವನ ದಿನಚರಿಯಾದ್ದರಿಂದ ಆ ಹೆಸರು. ಅವಳು ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕೂತರೆ ಅವನು ಅವಳ ಕಾಲ ಬುಡದಲ್ಲಿ. ಅವಳ ಸುಖದುಃಖವನ್ನೆಲ್ಲ ಆ ಮನೆಯಲ್ಲಿ ಕಿವಿಯೆತ್ತಿ ಕೇಳುತ್ತಿದ್ದವನು ಅವನೊಬ್ಬನೇ.

ಪಶುವೈದ್ಯೆ ಅವನ ಹಿಂಗಾಲು ಎತ್ತಿ ನೋಡಿದಾಗ ಹಿಮ್ಮಡಿಯ ಕೂದಲು ಸವೆದು ಚರ್ಮ ಕೆಂಪಗೆ ಕಾಣುತ್ತಿತ್ತು.

"ನಾಯಿ ಬೆಕ್ಕಿಗಿರೋ ಹಾಗೆ ಮೊಲದ ಪಾದಕ್ಕೆ ಮೆತ್ತೆ ಇರಲ್ಲ, ಇರೋದು ಬರೀ ಕೂದಲು. ಗಟ್ಟಿ ನೆಲದ ಮೇಲೆ ಕೂತೂ ಕೂತೂ ಅದು ಸವೆದುಹೋಗುತ್ತೆ. ಈಗಲೇ ನೋಡ್ಕೊಳ್ಳಿ. ಹುಣ್ಣಾಗಿ ಮೂಳೆಗೆ ಇಳೀತು ಅಂದ್ರೆ ಉಳಿಸೋದು ಕಷ್ಟ. ಮೆತ್ತಗಿನ, ಒಣಗಿದ ಹಾಸು ಹಾಕಿ. ಉಗುರು ಕತ್ತರಿಸಿ. ತೂಕ ಇಳಿಸಿ."

ಹೆಂಡತಿಯ ಕಣ್ಣಲ್ಲಿ ನೀರು ತುಂಬಿತು. ಅಷ್ಟಕ್ಕೇ ಬಿಡಬಹುದಿತ್ತಲ್ಲ! ಪಶುವೈದ್ಯೆ ಕೇಳಬಾರದ ಪ್ರಶ್ನೆಯೊಂದನ್ನು ಕೇಳಿಬಿಟ್ಟರು.

"ನಿಮ್ಮ ಮನೇಲಿ ನೆಲ ಎಂಥದ್ದು?"

ಅಯ್ಯೋ, ನೆಲ ಎಂಥದ್ದು! ಊರಿಗೆಲ್ಲ ಟೈಲ್ಸು, ಮಾರ್ಬಲ್ಲು ಹಾಕಿಕೊಟ್ಟ ಮೇಸ್ತ್ರಿ ತನ್ನ ಮನೆಗೆಂದು ಕೈಯಾರೆ ಕೂರಿಸಿ, ಉಜ್ಜಿ, ಮತ್ತೆ ಉಜ್ಜಿ, ಪಾಲಿಶ್ ಮಾಡಿದ ನೆಲ ಅದು. ಬಾಗಿಲಲ್ಲಿ ನಿಂತು ಬಗ್ಗಿದರೆ ಮೀಸೆಯಲ್ಲಿ ಎಷ್ಟು ನರೆಗೂದಲಿದೆ ಎಂದು ಎಣಿಸಬಹುದು. ಮಟ್ಟ ನೋಡುವ ರಸಮಟ್ಟ ಇಟ್ಟರೆ ಅದರೊಳಗಿನ ಗುಳ್ಳೆ ನಡುಮಧ್ಯದಿಂದ ಆಚೀಚೆ ಅಲ್ಲಾಡಿದ್ದನ್ನು ಕಂಡವರಿಲ್ಲ. ಹೊಸ ಗಿರಾಕಿಗಳನ್ನು ಅವನು ಮನೆಗೇ ಕರೆತಂದು ಅದನ್ನು ತೋರಿಸುತ್ತಿದ್ದ. ಹೊಸ ಆಸ್ಪತ್ರೆ ಕಟ್ಟಿಸುತ್ತಿದ್ದ ಮೂಳೆ ಡಾಕ್ಟರು ಇದೇ ಭಾನುವಾರ ನೋಡಲು ಬರುವವರಿದ್ದರು. ಒಪ್ಪಿದರೆ ಇಡೀ ಆಸ್ಪತ್ರೆಯ ನೆಲ ಮೇಸ್ತ್ರಿಯದೇ!

"ರೀ, ನಾಲ್ಕು ಚಾಪೆ ಹೊಲಿದು ಹಾಸಿದ್ರೆ ಮುಗೀತಲ್ಲ," ಎಂದಳು ಹೆಂಡತಿ.

"ಚಾಪೇನಾ? ಮೂಳೆ ಡಾಕ್ಟರಿಗೆ ನಾನು ನೆಲ ತೋರಿಸ್ಲಾ, ಚಾಪೆ ತೋರಿಸ್ಲಾ?"

"ಸರಿ, ಅವರು ಹೋದ ಮೇಲೆ ಹಾಸೋಣ."

"ಆಮೇಲೂ ಇಲ್ಲ! ಕನ್ನಡಿಗೆ ಯಾರಾದ್ರೂ ಕಂಬಳಿ ಹೊದಿಸ್ತಾರೇನೇ? ಈ ನೆಲ ಮುಚ್ಚೋದೂ ಒಂದೇ, ನನ್ನ ಮುಖ ಮುಚ್ಚೋದೂ ಒಂದೇ."

"ಎರಡೂ ಮುಚ್ಚಿದ್ರೆ ಇನ್ನೂ ಒಳ್ಳೇದು," ಎಂದು ಗೊಣಗುತ್ತ ಅವಳು ತುದಿಗಾಲಲ್ಲಿ ಅಡುಗೆಮನೆಗೆ ಹೋದಳು. ಮನೆಯೊಳಗೆ ಅವಳು ಯಾವಾಗಲೂ ತುದಿಗಾಲಲ್ಲೇ ನಡೆಯುತ್ತಿದ್ದಳು. ಅದು ತನ್ನ ನೆಲಕ್ಕೆ ಅವಳು ಕೊಡುವ ಮರ್ಯಾದೆ ಎಂದು ಮೇಸ್ತ್ರಿ ನಂಬಿದ್ದ.

ಸುಮ್ಮನೆ ಕೂರುವ ಜಾಯಮಾನ ಅವನದಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನು ಎಂದು ಹೆತ್ತ ತಾಯಿಯೇ ಹೇಳುತ್ತಿದ್ದಳು. ನಡುಮನೆಯಲ್ಲಿ ಹತ್ತು ಸುತ್ತು ಹಾಕುವಷ್ಟರಲ್ಲಿ ಅವನ ತಲೆಯಲ್ಲಿ ದೀಪ ಹತ್ತಿತು. ನೆಲಕ್ಕೆ ಹಾಸು ಹಾಕಿದರೆ ತಾನೇ ನೆಲ ಮುಚ್ಚುವುದು? ಆ ಹಾಸನ್ನು ಮೊಲದ ಕಾಲಿಗೇ ಕಟ್ಟಿದರೆ!

ಕೆಲಸದ ಚೀಲದಿಂದ ಮೊಣಕಾಲಿನ ಮೆತ್ತೆಗಳು ಹೊರಬಂದವು. ಮಂಡಿಯೂರಿ ಟೈಲ್ಸ್ ಕೂರಿಸುವಾಗ ಅವನು ಕಟ್ಟಿಕೊಳ್ಳುವ ದಪ್ಪ ಸ್ಪಂಜಿನ ಮೆತ್ತೆಗಳು. ಕಚಕಚನೆ ಕತ್ತರಿಸಿ, ಪಟ್ಟಿ ಜೋಡಿಸಿ, ಎರಡು ಬೂಟು ತಯಾರು ಮಾಡಿದ.

"ಇದೇನ್ರೀ ಅವತಾರ?"

"ಹಿಡ್ಕೋ ಅವನನ್ನ. ಮೊಲಕುಲದಲ್ಲೇ ಮೊಟ್ಟಮೊದಲ ಪಾದರಕ್ಷೆ ಇದು!"

ಸಾಹುಕಾರ ಬೂಟು ತೊಟ್ಟು ಒಂದು ಕ್ಷಣ ಕಲ್ಲಾಗಿ ನಿಂತ. ಆಮೇಲೆ ಹಿಂಗಾಲನ್ನು ಒಮ್ಮೆ ಝಾಡಿಸಿದ ನೋಡಿ, ಒಂದು ಬೂಟು ಹಾರಿ ಮೇಸ್ತ್ರಿಯ ಚಹಾ ಲೋಟದೊಳಗೆ ಬಿತ್ತು! ಇನ್ನೊಂದನ್ನು ಅವನು ಸೋಫಾದ ಕೆಳಗೆ ಕೊಂಡೊಯ್ದು ನೆಮ್ಮದಿಯಾಗಿ ಕಡಿಯತೊಡಗಿದ. ನುಂಗಿದರೆ ಹೊಟ್ಟೆ ಕೆಡುತ್ತದೆ ಎಂದು ಹೆಂಡತಿ ಕಿರುಚಿದಳು. ಸೋಫಾ ಎತ್ತಿ, ಮೊಲ ಹಿಡಿದು, ಬಾಯಿಂದ ಸ್ಪಂಜು ಕಿತ್ತು ತೆಗೆಯುವಷ್ಟರಲ್ಲಿ ಮೇಸ್ತ್ರಿಯ ಕೈಗೆ ಎರಡು ಕಡೆ ಗೀರು.

ಇಷ್ಟಾದರೂ ಬುದ್ಧಿ ಬರಬೇಕಲ್ಲ! ಉಗುರು ಕತ್ತರಿಸುತ್ತೇನೆಂದು ಟೈಲ್ಸ್ ತುಂಡರಿಸುವ ಇಕ್ಕಳ ಹಿಡಿದು ಬಂದ. ಹೆಂಡತಿ ಅದನ್ನು ಕಿತ್ತಿಟ್ಟು, ಸಾಹುಕಾರನನ್ನು ಟವೆಲಿನಲ್ಲಿ ಸುತ್ತಿ, ನೇಲ್ ಕಟರಿನಲ್ಲಿ ತಾನೇ ಕತ್ತರಿಸಿ ಮುಗಿಸಿದಳು. ತೂಕ ಇಳಿಸುತ್ತೇನೆಂದು ಹಿತ್ತಲಲ್ಲಿ ಮೊಲ ಓಡಿಸಲು ಹೋದ. ಮೊಲ ಒಂದು ಮೂಲೆಯಲ್ಲಿ ಕೂತು ನೋಡಿತು, ಓಡಿದವನು ಮೇಸ್ತ್ರಿ. ಮೆತ್ತೆಯಿಲ್ಲದೆ ಕೆಲಸದಲ್ಲಿ ಮಂಡಿಯೂರಿ ಅವನ ಮೊಣಕಾಲೆರಡೂ ಬದನೆಕಾಯಿಯಂತೆ ಊದಿಕೊಂಡವು. ಶನಿವಾರ ಸಂಜೆ ಕುಂಟುತ್ತ ಬಂದವನನ್ನು ಹೆಂಡತಿ ಮೇಲಿಂದ ಕೆಳಗೆ ನೋಡಿದಳು.

"ನೆಲ ಗಟ್ಟಿ, ಒತ್ತುತ್ತೆ ಅಂತ ನೀವೇ ಮೆತ್ತೆ ಕಟ್ಕೋತಿದ್ರಲ್ಲ. ಅದರ ಕಾಲಿಗೆ ಮಾತ್ರ ಒತ್ತಲ್ವಾ?"

ಮೇಸ್ತ್ರಿ ಬಗ್ಗಿ ಮೊಲದ ಕಾಲು ಎತ್ತಿ ನೋಡಿದ. ಸಾಹುಕಾರನ ಹಿಮ್ಮಡಿ ಮೊದಲಿಗಿಂತ ಕೆಂಪಾಗಿತ್ತು.

ಭಾನುವಾರ ಬೆಳಗ್ಗೆ ಅವನು ಸ್ನಾನ ಮುಗಿಸಿ ಬಂದು ನೋಡುತ್ತಾನೆ, ನೆಲವೇ ಇಲ್ಲ! ಗೋಡೆಯಿಂದ ಗೋಡೆಗೆ ಚಾಪೆ. ಹಳೇ ಬಟ್ಟೆ, ಹಳೇ ಹೊದಿಕೆ, ಒಳಗೆ ಹತ್ತಿ ತುಂಬಿ ಹೆಂಡತಿ ವಾರವೆಲ್ಲ ಹೊಲಿದ ಚಾಪೆಗಳು. ನಡುವೆ ಸಾಹುಕಾರ ಕಾಲು ಚಾಚಿ, ಹೊಟ್ಟೆ ಮೇಲೆ ಮಾಡಿ ಮಲಗಿದ್ದ.

"ನನ್ನ ನೆಲ ಎಲ್ಲೇ?"

"ಕೆಳಗಿದೆ. ಎಲ್ಲೂ ಓಡಿಹೋಗಲ್ಲ."

ಅಷ್ಟರಲ್ಲಿ ಬಾಗಿಲ ಗಂಟೆ ಸದ್ದಾಯಿತು. ಮೇಸ್ತ್ರಿ ಮೈಮೇಲೆ ದೇವರು ಬಂದವನಂತೆ ಚಾಪೆಗಳನ್ನು ಸರಸರನೆ ಎಳೆದು ಒಳಕೋಣೆಗೆ ತುರುಕಿ, ಬೆವರು ಒರೆಸಿಕೊಂಡು ಬಾಗಿಲು ತೆಗೆದ. ಮೂಳೆ ಡಾಕ್ಟರು ದಪ್ಪ ಆಸಾಮಿ, ಶಿಸ್ತಿನ ಮನುಷ್ಯ. ಬೂಟು ಹೊರಗೆ ಬಿಟ್ಟು ಬರೀ ಕಾಲುಚೀಲದಲ್ಲಿ ಒಳಗೆ ಕಾಲಿಟ್ಟರು.

"ಆಹಾ, ಏನು ಹೊಳಪು ಮೇಸ್ತ್ರಿಗಳೇ..."

ಮಾತು ಮುಗಿಯಲಿಲ್ಲ. ಹಾಸು ಕಳೆದುಕೊಂಡ ಸಾಹುಕಾರ ಅಡ್ಡ ಓಡಿದ. ಡಾಕ್ಟರು ಅವನನ್ನು ತುಳಿಯದಿರಲು ಕಾಲೆತ್ತಿದರು. ಎತ್ತಿದ ಕಾಲು ಮುಂದೆ ಹೋಯಿತು, ಊರಿದ ಕಾಲು ಅದರ ಹಿಂದೆಯೇ ಹೋಯಿತು. ಹಿಡಿಯಲು ಹೋದ ಮೇಸ್ತ್ರಿಯೂ ಜಾರಿದ. ಇಬ್ಬರೂ ಕೈ ಕೈ ಹಿಡಿದು ನಡುಮನೆಯ ಈ ತುದಿಯಿಂದ ಆ ತುದಿಗೆ ಬೆನ್ನ ಮೇಲೆ ಮೆರವಣಿಗೆ ಹೊರಟರು! ಗೋಡೆ ಬಂತು, ನಿಂತರು. ಸಾಹುಕಾರ ಸುತ್ತಲೂ ನೋಡಿ, ನಡುಮನೆಯಲ್ಲಿ ಮೆತ್ತಗಿದ್ದ ಏಕೈಕ ಜಾಗವಾದ ಡಾಕ್ಟರ ಹೊಟ್ಟೆಯ ಮೇಲೆ ಹತ್ತಿ ಕೂತ.

ಡಾಕ್ಟರು ಮಲಗಿದಲ್ಲೇ ಒಂದೊಂದೇ ಮೂಳೆ ಮುಟ್ಟಿ ನೋಡಿಕೊಂಡರು.

"ಎಲ್ಲಾ ನೆಟ್ಟಗಿವೆ. ಮೇಸ್ತ್ರಿಗಳೇ, ನನ್ನ ಆಸ್ಪತ್ರೆಗೆ ಜನ ಕಾಲು ಮುರ್ಕೊಂಡು ಬರ್ತಾರೆ. ಒಳಗೆ ಬಂದ ಮೇಲೆ ಇನ್ನೊಂದೂ ಮುರೀಬೇಕು ಅಂತೀರಾ?"

ಮೇಸ್ತ್ರಿ ಡಾಕ್ಟರ ಹೊಟ್ಟೆಯಿಂದ ಮೊಲವನ್ನು ಇಳಿಸಿದ. ಹೆಂಡತಿ ತುದಿಗಾಲಲ್ಲಿ ನೀರು ತಂದುಕೊಟ್ಟಳು. ಡಾಕ್ಟರ ಕಣ್ಣು ಅವಳ ಪಾದದ ಮೇಲೆ ಬಿತ್ತು.

"ಹಿಮ್ಮಡಿ ನೋವಾ ಅಮ್ಮಾ? ಎಷ್ಟು ದಿನದಿಂದ?"

"ಈ ನೆಲ ಹಾಕಿದಾಗಿಂದ."

"ನನಗೆ ಹೇಳಲೇ ಇಲ್ಲವಲ್ಲೇ!" ಎಂದ ಮೇಸ್ತ್ರಿ.

"ಮೊಲಕ್ಕೆ ಬಾಯಿ ಬರಲ್ಲ, ಅದರ ಕಾಲು ಎತ್ತಿ ನೋಡಿದ್ರಿ. ನಾನು ಚಾಪೆ ಬೇಕು, ಚಾಪೆ ಬೇಕು ಅಂತ ಬಾಯಿಬಿಟ್ಟು ಹೇಳ್ತಾನೇ ಇದ್ದೆ. ನೀವು ನೆಲ ನೋಡ್ತಿದ್ರಿ."

ಮೇಸ್ತ್ರಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ತಲೆ ತಗ್ಗಿಸಿದರೆ ಆ ಹಾಳು ನೆಲದಲ್ಲಿ ಅವನ ಮುಖವೇ ಅವನನ್ನು ನೋಡುತ್ತಿತ್ತು. ಎದ್ದು ಒಳಕೋಣೆಗೆ ಹೋಗಿ, ಒಂದೊಂದೇ ಚಾಪೆ ತಂದು, ಊದಿದ ಮೊಣಕಾಲೂರಿ ತಾನೇ ಹಾಸಿದ. ಡಾಕ್ಟರು ಒಂದು ಚಾಪೆ ಒತ್ತಿ ನೋಡಿ, ರೋಗಿಗಳು ಕಾಯುವ ಕೋಣೆಗೆ ಇಂಥವೇ ಬೇಕೆಂದು ಹೆಂಡತಿಗೆ ಆರ್ಡರು ಕೊಟ್ಟರು.

"ನನಗೆ?" ಎಂದ ಮೇಸ್ತ್ರಿ ಸಣ್ಣ ದನಿಯಲ್ಲಿ.

"ಚಾಪೆ ಜಾರದ ಹಾಗೆ ಕೆಳಗೆ ಒರಟು ನೆಲ ಬೇಕು. ಹೊಳಪೇ ಇರಬಾರದು. ಬರುತ್ತಾ?"

"ಕಲೀತೀನಿ," ಎಂದ ಮೇಸ್ತ್ರಿ.

ತಿಂಗಳಾದ ಮೇಲೆ ಮತ್ತೆ ತೋರಿಸಲು ಹೋದಾಗ ಪಶುವೈದ್ಯೆ ಸಾಹುಕಾರನ ಕಾಲೆತ್ತಿ ಬೆರಗಾದರು. ಕೆಂಪು ಮಾಯವಾಗಿ, ಹಿಮ್ಮಡಿಯಲ್ಲಿ ಹೊಸ ಕೂದಲು ಹುಟ್ಟುತ್ತಿತ್ತು. ಪಕ್ಕದಲ್ಲಿ ಹೆಂಡತಿ ಪಾದ ಪೂರ್ತಿ ಊರಿ ನಿಂತಿದ್ದಳು.

"ಭೇಷ್! ಏನು ಮಾಡಿದ್ರಿ ಮೇಸ್ತ್ರಿಗಳೇ?"

ಮೇಸ್ತ್ರಿಯ ಎದೆ ಅಭ್ಯಾಸಬಲದಿಂದ ಉಬ್ಬಿತು. ಹೆಂಡತಿ ಕೆಮ್ಮಿದಳು. ಎದೆ ಇಳಿಯಿತು.

"ನಾನೇನೂ ಮಾಡ್ಲಿಲ್ಲ ಡಾಕ್ಟರೇ. ಮಾಡೋದನ್ನ ನಿಲ್ಲಿಸಿದೆ, ಅಷ್ಟೇ."

"ಮದುವೆಯಾದ ಮೇಲೆ ಇವರು ಕೆಡಿಸದೆ ಮಾಡಿ ಮುಗಿಸಿದ ಮೊದಲನೇ ಮನೆಗೆಲಸ ಇದೇ ನೋಡಿ," ಎಂದಳು ಹೆಂಡತಿ.